ಹೆಪ್ಪು ಎಂದು ಬರೆಯಬೇಕಿತ್ತು

ವಿಶ್ವವಿದ್ಯಾಲಯದ ಆಸ್ತಿ ವಿಲೇವಾರಿ ಅಧಿಕಾರಿಗಳೇ,

ನಿಮ್ಮ ಕಚೇರಿ ಒಂದು ಪದವನ್ನು ತಪ್ಪಾಗಿ ಓದಿ ನನ್ನ ಅಕ್ಕನ ಹತ್ತೊಂಬತ್ತು ವರ್ಷಗಳನ್ನು ಕರಗಿಸಿಬಿಟ್ಟಿತು.

ಅಕ್ಕ ರಸಾಯನಶಾಸ್ತ್ರದ ಪ್ರಾಧ್ಯಾಪಕಿ. ಯಾವ ಔಷಧಿಗೂ ಜಗ್ಗದ ಶ್ವಾಸಕೋಶದ ಸೋಂಕಿನಿಂದ ಅಮ್ಮ ತೀರಿಕೊಂಡ ದಿನ, ಆಸ್ಪತ್ರೆಯ ಕಿಟಕಿಯಲ್ಲಿದ್ದ ಹೂಕುಂಡದಿಂದ ಅವಳು ಒಂದು ಚಮಚ ಮಣ್ಣು ತಂದಳು. ಆ ಮಣ್ಣಿನ ಸೂಕ್ಷ್ಮಜೀವಿಯೊಂದು ಅಂಥದೇ ರೋಗಾಣುವನ್ನು ತಡೆಯುವ ವಸ್ತುವನ್ನು ತನ್ನೊಳಗೇ ತಯಾರಿಸುತ್ತಿತ್ತು, ಹನ್ನೊಂದು ಹಂತಗಳಲ್ಲಿ. ಹತ್ತರ ಗುಟ್ಟನ್ನು ಅಕ್ಕ ಬಿಡಿಸಿದ್ದಳು. ಆ ಸೂಕ್ಷ್ಮಜೀವಿಯ ಮುನ್ನೂರ ನಲವತ್ತು ತಳಿಗಳು ಎರಡನೇ ಮಹಡಿಯ ಫ್ರೀಜರಿನಲ್ಲಿ ಮಲಗಿದ್ದವು. ಹಾಲಿನ ಹೆಪ್ಪಿನ ಹಾಗೆ: ಚೂರು ಉಳಿದರೆ ಸಾಕು, ಮತ್ತೆ ಬೆಳೆಸಬಹುದು.

ಹಳೆಯ ಕಟ್ಟಡ ತೆರವಾಗುತ್ತದೆಂದು ತಿಳಿದಾಗ, ವಿದ್ಯುತ್ ಕಡಿಯಬೇಡಿರೆಂಬ ಮನವಿ ಬರೆದುಕೊಟ್ಟವನು ನಾನೇ.

"'ಹೆಪ್ಪು' ಅಂತ್ಲೇ ಬರಿಯೋ, ಎಲ್ರಿಗೂ ಗೊತ್ತಾಗತ್ತೆ" ಎಂದಳು ಅಕ್ಕ.

"ಅದು ಕಚೇರಿ ಕಣೇ, ನಿನ್ನ ಅಡುಗೆಮನೆ ಅಲ್ಲ" ಎಂದು ನಕ್ಕು, ಬೆಳೆಸಿದ ಸೂಕ್ಷ್ಮಜೀವಿಗಳಿಗೆ ಪ್ರಯೋಗಾಲಯದವರು ಬಳಸುವ ಇಂಗ್ಲಿಷ್ ಪದ ಹಾಕಿ, 'ಕಲ್ಚರ್ ಸಂಗ್ರಹ' ಎಂದು ಬರೆದೆ.

ನಿಮ್ಮವರು ಅದನ್ನು 'ಸಾಂಸ್ಕೃತಿಕ ಸಂಗ್ರಹ' ಮಾಡಿ ಸಾಂಸ್ಕೃತಿಕ ವಿಭಾಗಕ್ಕೆ ಕಳಿಸಿದರು. ಅಲ್ಲಿಂದ ಬಂದ ಷರಾ: 'ವಾದ್ಯ, ವೇಷಭೂಷಣಗಳು ಕಂಡುಬಂದಿಲ್ಲ. ಅನುಪಯುಕ್ತ.' ಎಂಥ ಪಾಂಡಿತ್ಯ! ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಯಾರು ಪಿಟೀಲು ಇಡುತ್ತಾರೆ, ಮಾನ್ಯರೇ? ಒಬ್ಬರಾದರೂ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಾಗಿಲು ತಟ್ಟಬಾರದಿತ್ತೇ?

ಬೇಸಿಗೆ ರಜೆಯ ಒಂಬತ್ತು ದಿನ ವಿದ್ಯುತ್ ಇರಲಿಲ್ಲ. ಸೋಮವಾರ ನಾನು ಹೋದಾಗ ಅಕ್ಕ ಮಂಡಿಯೂರಿ ನೆಲ ಒರೆಸುತ್ತಿದ್ದಳು.

"ಬಿಡಿ ಮೇಡಂ, ಐಸ್ ತಾನೇ? ಮತ್ತೆ ಕಟ್ಟತ್ತೆ" ಎಂದ ಕಾವಲುಗಾರ.

"ಹೂಂ, ಐಸ್ ಕಟ್ಟತ್ತೆ" ಎಂದು ಅವಳು ಬಟ್ಟೆ ಹಿಂಡಿದಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂದಿನಿಂದ ಒಂದೊಂದೇ ನಳಿಕೆಯಿಂದ ಹನಿ ತೆಗೆದು ಗಾಜಿನ ತಟ್ಟೆಗೆ ಹಾಕಿ, ಬೆಚ್ಚಗಿಟ್ಟು ಕಾಯುತ್ತಿದ್ದಾಳೆ. ಮುನ್ನೂರು ಮುಗಿದಿವೆ. ಒಂದೂ ಚಿಗುರಿಲ್ಲ. ಈಗ ನಿಮ್ಮ ಹೊಸ ನೋಟೀಸು: ಶುಕ್ರವಾರ ಅವಳು ಆ ತಟ್ಟೆಗಳನ್ನು ಬೆಚ್ಚಗಿಟ್ಟಿರುವ ಕೋಣೆಯ ವಿದ್ಯುತ್ತೂ ಬಂದ್.

ಪರಿಹಾರ ಬೇಡ, ವಿಷಾದವೂ ಬೇಡ. ಕಡತದಲ್ಲಿ 'ಅನುಪಯುಕ್ತ' ಎಂಬುದನ್ನು ಹೊಡೆದುಹಾಕಿ 'ಹೆಪ್ಪು' ಎಂದು ಬರೆಯಿರಿ. ಉಳಿದ ನಲವತ್ತನ್ನೂ ಅವಳು ನೋಡಿ ಮುಗಿಸುವ ತನಕ ತಂತಿ ಮುಟ್ಟಬೇಡಿ. ಏನೂ ಚಿಗುರಲಿಕ್ಕಿಲ್ಲವೆಂದು ಅವಳಿಗೂ ಗೊತ್ತು. ಅಮ್ಮನಿಗೂ ಅವಳು ಕೊನೆಯ ಚಮಚದವರೆಗೆ ಔಷಧಿ ಕುಡಿಸಿದ್ದಳು.

ಇಂತಿ,
ಮೂವತ್ತು ವರ್ಷ ಅಚ್ಚುಮನೆಯಲ್ಲಿ ಊರವರ ತಪ್ಪು ತಿದ್ದಿದ,
ತಮ್ಮ ವಿಧೇಯನಲ್ಲದ,
ಅವಳ ತಮ್ಮ