ರೂತ್‌ಬಾಯಿಯವರು ಮುಗಿಸದ ಮಾತು

ಕೇಳುಮನೆ, ಧಾರವಾಡ
ಫೆಬ್ರುವರಿ ೩೦, ೨೨೧೪

ಮಾನ್ಯ ರೂತ್‌ಬಾಯಿ ನವಗಾಂವಕರ ಅವರಿಗೆ, ಗುಡಗೇರಿ ಸರ್ ಅವರಿಗೆ, ಆ ದಿನ ನಿಮ್ಮೊಡನೆ ಮೇಜಿನ ಸುತ್ತ ಕೂತಿದ್ದ ಉಳಿದ ವಿದ್ವಾಂಸರಿಗೆ, ನೀಲಾಂಬಿಕೆ ಹೆಬಸೂರ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರುವರಿಗೆ ಬಹಳ ಕಾಲದಿಂದ ಅನ್ಯಾಯವಾಗಿತ್ತೆಂದು ನಮ್ಮ ಮುತ್ತಜ್ಜಂದಿರು ಸರಿಪಡಿಸಿದರಂತೆ. ನನ್ನ ಭಾಷೆಯೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಧ್ವನಿಗಳನ್ನು ಕೇಳಿ ಕೇಳಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಲ್ಲಿನ ಮಕ್ಕಳು ಅದನ್ನು ಹಳೆಗನ್ನಡ ಎನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ನಾಳೆ ನನ್ನದಕ್ಕೂ ಅದೇ ಗತಿ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಉಗ್ಗುವವಳು. ಹುಟ್ಟಿದಾಗಿನಿಂದ ನಾಲಿಗೆಗೂ ನನಗೂ ಆಗಿಬಂದಿಲ್ಲ. ಮನಸ್ಸಿನಲ್ಲಿ ಮಾತು ಸಿದ್ಧವಾಗಿ ನಿಂತಿರುತ್ತದೆ, ಬಾಯಿಯ ಹೊಸ್ತಿಲಲ್ಲಿ ಎಡವುತ್ತದೆ, ಅಷ್ಟರಲ್ಲಿ ಎದುರಿಗಿದ್ದವರು ಆ ಮಾತನ್ನು ತಾವೇ ಮುಗಿಸಿ ಮುಂದೆ ಹೋಗಿರುತ್ತಾರೆ. ಕಾಗದದ ಮೇಲೆ ಹಾಗಲ್ಲ. ಕಾಗದ ಸಿಕ್ಕರೆ ನನ್ನನ್ನು ಹಿಡಿಯುವವರೇ ಇಲ್ಲ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದೀತು.

ಪತ್ರ ನಿಮಗೆ ತಲುಪುವ ದಾರಿ ಯಾವುದೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ನಮ್ಮ ಕೇಳುಮನೆಯ ಗೋಡೆಯಲ್ಲೊಂದು ಗೂಡಿದೆ. ಕೈಗೆ ಸಿಗದವರಿಗೆ ಬರೆದದ್ದನ್ನು ಅಲ್ಲಿಡುವುದು ಇಲ್ಲಿಯ ರೂಢಿ. ಇಟ್ಟ ಪತ್ರಗಳು ಕೆಲವು ದಿನಕ್ಕೆ ಮಾಯವಾಗುತ್ತವೆ. ಅದು ಇಲಿಗಳ ಕೆಲಸವೆಂದು ನನ್ನ ಶಿಷ್ಯೆ ಜುಬೇದಾ ಹೇಳುತ್ತಾಳೆ. ಇರಬಹುದು. ಇಲಿಗಳು ಎಲ್ಲಿಗೆ ಒಯ್ಯುತ್ತವೆ ಎಂದು ಅವಳೂ ನೋಡಿಲ್ಲ.

ನಾವು ಹೇಗಿದ್ದೇವೆ ಎಂದು ತಿಳಿಯುವ ಕುತೂಹಲ ನಿಮಗಿರುತ್ತದೆ. ಚೆನ್ನಾಗಿದ್ದೇವೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ, ಏಕೆಂದರೆ ಆ ಹೊತ್ತಿನ ಬಿಸಿಲಿಗೆ ಹೊರಗೆ ನಿಲ್ಲಲಾಗುವುದಿಲ್ಲ. ಶಾಲೆ, ಸಂತೆ, ಕಚೇರಿ ಎಲ್ಲವೂ ಮುಂಜಾನೆ ಮತ್ತು ಸಂಜೆ. ಬೀದಿಗಳ ಮೇಲೆ ಈ ಮಾಳಿಗೆಯಿಂದ ಆ ಮಾಳಿಗೆಗೆ ಬಳ್ಳಿ ಹಬ್ಬಿಸಿದ್ದೇವೆ. ಅವಕ್ಕೆ ನೆರಳುದಾರಿ ಎಂದು ಹೆಸರು. ಅವುಗಳಡಿ ನಡೆದರೆ ತಲೆಯ ಮೇಲೆ ಒಮ್ಮೊಮ್ಮೆ ಹೀರೇಕಾಯಿ ಬೀಳುವುದುಂಟು. ಜೋಳದ ರೊಟ್ಟಿ ಇದೆ, ಶೇಂಗಾ ಚಟ್ನಿ ಇದೆ. ಪೇಢೆಯೂ ಇದೆ, ಚಿಂತಿಸಬೇಡಿ, ಆದರೆ ಅದನ್ನೀಗ ಶೇಂಗಾ ಹಾಲು ಕಾಯಿಸಿ ಮಾಡುತ್ತಾರೆ. ನೀವು ತಿಂದರೆ ಮುಖ ಕಿವುಚುತ್ತೀರಿ. ನಮಗೆ ಅದೇ ರುಚಿ. ಕೆಲಗೇರಿ ಕೆರೆಯಲ್ಲಿ ನೀರಿದೆ, ಕಪ್ಪೆಗಳೂ ಇವೆ, ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೇಳುಮನೆ ಎಂದರೆ ಹಳೆಯ ಕಲ್ಲಿನ ಕ್ವಾರಿಯೊಂದರ ಮೇಲೆ ಮಾಡು ಕಟ್ಟಿ ಮಾಡಿದ ತಂಪಾದ ನೆಲಮನೆ. ಸುಮಾರು ಇನ್ನೂರು ವರ್ಷದ ಹಿಂದೆ ನೀವು ಒಂದು ಮೇಜಿನ ಸುತ್ತ ಕೂಡಿ, ಒಂದೊಂದು ಸಂಜೆ ಒಬ್ಬೊಬ್ಬರಾಗಿ ನಿಮ್ಮ ಸಂಶೋಧನೆಯ ಬಗ್ಗೆ ಮಾತಾಡಿ ದಾಖಲಿಸಿದಿರಲ್ಲ, ಆ ಮಾತುಗಳು ಇಲ್ಲಿ ಧ್ವನಿಗಡ್ಡೆಗಳಲ್ಲಿವೆ. ಧ್ವನಿಗಡ್ಡೆ ಎಂದರೆ ಹುಣಸೆಬೀಜದಷ್ಟು ದೊಡ್ಡ ವಸ್ತು, ಅಂಗೈಯಲ್ಲಿ ಬೆಚ್ಚಗೆ ಹಿಡಿದರೆ ಮಾತಾಡುತ್ತದೆ. ನಿಮ್ಮ ಶತಮಾನದ ಪಾಂಡಿತ್ಯ ಬೇರೆ ಭಾಷೆಗಳಲ್ಲಿ ರಾಶಿಗಟ್ಟಲೆ ಉಳಿದಿದೆ. ಆದರೆ ವಿದ್ವಾಂಸರು ಕನ್ನಡದಲ್ಲಿ, ಚಹಾ ಕುಡಿಯುತ್ತ, ತಮಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಒಟ್ಟಿಗೆ ಹೇಳಿಕೊಂಡದ್ದು ನಮ್ಮ ಪಾಲಿಗೆ ಇದೊಂದೇ. ಶಾಸನ ಓದುವವರು, ನೀಲಿಬಣ್ಣದ ಚರಿತ್ರೆ ಬರೆದವರು, ಕಪ್ಪೆಗಳ ಹಿಂದೆ ಬಿದ್ದ ಗುಡಗೇರಿ ಸರ್, ಯಹೂದಿ ಅನುಭಾವವನ್ನು ಓದಿಕೊಂಡ ನೀವು, ರೂತ್‌ಬಾಯಿ. ವಯಸ್ಸಿನ ಲೆಕ್ಕದಲ್ಲಿ ನೀವು ನನ್ನ ಅಜ್ಜಿಯ ಅಜ್ಜಿಗೂ ಹಿರಿಯರು. ಧ್ವನಿಯಲ್ಲಿ ಮಾತ್ರ ನನ್ನ ಮಗಳ ಪ್ರಾಯದವರು. ಅದಕ್ಕೇ ಒಮ್ಮೊಮ್ಮೆ ತಾಯಿ ಎನ್ನಬೇಕೋ ತಂಗಿ ಎನ್ನಬೇಕೋ ತಿಳಿಯದೆ ಒದ್ದಾಡುತ್ತೇನೆ.

ನಿಮ್ಮ ಮಾತು ಇಲ್ಲಿ ಎಲ್ಲರಿಗೂ ಬಾಯಿಪಾಠ. ಸೃಷ್ಟಿಗೆ ಮೊದಲು ದೇವರು ಎಲ್ಲೆಡೆ ತುಂಬಿಕೊಂಡಿದ್ದ, ಲೋಕಕ್ಕೆ ಕಾಲಿಡಲು ಸಂದಿಯೇ ಇರಲಿಲ್ಲ, ಆಗ ಅವನು ತನ್ನನ್ನು ತಾನೇ ಕುಗ್ಗಿಸಿಕೊಂಡು, ಪಕ್ಕಕ್ಕೆ ಸರಿದು, ಲೋಕಕ್ಕೊಂದು ಜಾಗ ಬಿಟ್ಟುಕೊಟ್ಟ ಎಂದು ಹೇಳುತ್ತೀರಿ. ಬಸ್ಸಿನಲ್ಲಿ ದೊಡ್ಡವರು ಸರಿದು ಕೂಸಿಗೆ ಜಾಗ ಕೊಟ್ಟಂತೆ ಎಂದು ನಗುತ್ತೀರಿ. ಆಮೇಲೆ ದನಿ ತಗ್ಗಿಸಿ, “ಆದರ ಆ ಖಾಲಿ ಜಾಗಾ ಐತೆಲ್ಲಾ, ಅದು ಖರೇನ ಖಾಲಿ” ಎನ್ನುತ್ತೀರಿ. ಖಾಲಿ ಎನ್ನುವಿರೋ ಖಾಲಿಯಲ್ಲ ಎನ್ನುವಿರೋ ತಿಳಿಯುವ ಮೊದಲೇ ಧ್ವನಿ ನಿಂತುಹೋಗುತ್ತದೆ. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಶುರುವಾದಾಗ ಬೇರೆ ಯಾರೋ ಬೇರೆ ಏನೋ ಹೇಳುತ್ತಿರುತ್ತಾರೆ.

ನಮ್ಮ ಹಿರಿಯರು ಇದನ್ನು ಕೇಳಿ ಬೆರಗಾದರು. ಜಾಗ ಬಿಡುವುದರ ಬಗ್ಗೆ ಬರಿದೆ ಮಾತಾಡದೆ ನೀವು ಮಾತಿನ ನಡುವೆಯೇ ಜಾಗ ಬಿಟ್ಟು ತೋರಿಸಿದ್ದೀರಿ ಎಂದುಕೊಂಡರು. ಉಳಿದ ಗಡ್ಡೆಗಳನ್ನು ಹಿಡಿದು ನೋಡಿದರೆ ಅವುಗಳಲ್ಲೂ ಅಲ್ಲಲ್ಲಿ ಇದೇ ಮೌನ. ಆ ಕಾಲದ ವಿದ್ವಾಂಸರ ಪದ್ಧತಿಯೇ ಇದು ಎಂದು ತೀರ್ಮಾನವಾಯಿತು. ಅದಕ್ಕೆ ತೆರವು ಎಂದು ಹೆಸರಿಟ್ಟರು. ಅಂದಿನಿಂದ ಕೇಳುಮನೆಯಲ್ಲಿ ಯಾರೇ ತಮ್ಮ ಸಂಶೋಧನೆ ಮಂಡಿಸಲಿ, ನಡುವೆ ನಿಲ್ಲಿಸಿ, ನೀರಿನ ಲೋಟ ಮುಂದಿಟ್ಟುಕೊಂಡು, ನೆಲ ನೋಡುತ್ತ ಕೂರಬೇಕು. ಕೂತವರಲ್ಲಿ ಯಾರಾದರೂ ಒಬ್ಬರು ಮಾತಾಡಿ ಮುಗಿಸುವವರೆಗೆ ಮಂಡಿಸುವವರು ಮುಂದುವರಿಯುವಂತಿಲ್ಲ, ಉಳಿದವರು ಬಾಯಿ ಹಾಕುವಂತಿಲ್ಲ.

ನಾನು ಮನುಷ್ಯಳಾದದ್ದು ಆ ತೆರವಿನಲ್ಲಿ. ಹತ್ತೊಂಬತ್ತರ ಪ್ರಾಯದಲ್ಲಿ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದೆ. ವಿರೂಪಾಕ್ಷ ಅಮ್ಮಿನಭಾವಿ ಎಂಬ ತರುಣ ವಿದ್ವಾಂಸ ಕೆಲಗೇರಿ ಕೆರೆಯ ಕಪ್ಪೆಗಳ ಬಗ್ಗೆ ಮಂಡಿಸುತ್ತಿದ್ದ. ಗುಡಗೇರಿ ಸರ್, ನಿಮ್ಮ ಪದ್ಧತಿಯಂತೆಯೇ ಕೂಗು ಕೇಳಿ ಕಪ್ಪೆ ಎಣಿಸಿದ್ದ. ಕೂಗು ಕಡಿಮೆಯಾಗಿದೆ, ಹಾಗಾಗಿ ಕಪ್ಪೆಗಳು ಮುಗಿದಂತೆಯೇ ಎಂದು ಹೇಳಿ ತೆರವಿಗೆ ಕೂತ. ನಾನು ಎದ್ದೆ. ಒಂದು ಪ್ರಶ್ನೆ ಕೇಳಲು ನನಗೆ ಹಿಡಿದ ಹೊತ್ತಿನಲ್ಲಿ ಬೇರೆಯವರು ಊಟ ಮುಗಿಸಿ ಕೈ ತೊಳೆಯಬಹುದಿತ್ತು. ಎಲ್ಲರೂ ಕಾದರು, ಏಕೆಂದರೆ ಕಾಯದೆ ವಿಧಿಯಿರಲಿಲ್ಲ. ಸುಮ್ಮನೆ ಕೂತ ಕಪ್ಪೆಗಳನ್ನು ಎಣಿಸಿದ್ದೀರಾ ಎಂದು ಕೇಳಿದೆ.

ಎಣಿಸಿರಲಿಲ್ಲ. ಅವನೇ ದೀಪ ಹಿಡಿದು, ನನ್ನನ್ನೂ ಕರೆದುಕೊಂಡು ಕೆರೆಗೆ ಹೋದ. ಕೂಗುವ ಪ್ರತಿ ಕಪ್ಪೆಯ ಪಕ್ಕದಲ್ಲಿ ಕೂಗದ ಕಪ್ಪೆಗಳು ಕೂತಿದ್ದವು. ಕೆರೆ ತುಂಬ ಇದ್ದವು. ಮುಂದೆ ನನ್ನ ಬದುಕೆಲ್ಲ ಆ ಕಪ್ಪೆಗಳ ಸಂಶೋಧನೆಯಲ್ಲೇ ಕಳೆಯಿತು, ಬಹಳ ಸಂತೋಷವಾಗಿ ಕಳೆಯಿತು. ಕೇಳುಮನೆಯಲ್ಲಿ ನಾನು ಆಡಿದ ಒಂದೊಂದು ಮಾತೂ ತೆರವಿನಲ್ಲೇ ಆಡಿದ್ದು. ಅದಕ್ಕಾಗಿ ನಾನು ಪ್ರತಿದಿನ ಬೆಳಿಗ್ಗೆ ಕೈಮುಗಿಯುತ್ತಿದ್ದದ್ದು ನಿಮಗೆ, ರೂತ್‌ಬಾಯಿ.

ಈಗ ಕಳೆದ ತಿಂಗಳ ಸಂಗತಿ. ಜುಬೇದಾ ಹಳೆಯ ಧ್ವನಿಗಳನ್ನು ರಿಪೇರಿ ಮಾಡುವುದರಲ್ಲಿ ಪಳಗಿದವಳು. ಬೆಳಗಾವಿಯ ಒಂದು ಹಳೆ ಮನೆಯಲ್ಲಿ ನಿಮ್ಮ ಮಾತುಕತೆಯ ಇನ್ನೊಂದು ಪ್ರತಿ ಅವಳಿಗೆ ಸಿಕ್ಕಿತು. ಎಲ್ಲೂ ತುಂಡಾಗದ, ಪೂರ್ಣ ಪ್ರತಿ. ಅದನ್ನು ಕೇಳಿಸುವ ಮೊದಲು ನನ್ನ ಪಕ್ಕ ಕೂತು, “ಅಕ್ಕೋರ, ಸಿಟ್ಟಾಗಬ್ಯಾಡ್ರಿ, ನಾ ಸುಳ್ಳ ಹೇಳಾಕ ಆಗೂದಿಲ್ಲ” ಎಂದಳು.

ತೆರವು ಎಂಬುದು ಇರಲೇ ಇಲ್ಲ. ನೀವು “ಖರೇನ ಖಾಲಿ” ಎನ್ನುವಷ್ಟರಲ್ಲಿ ಗುಡಗೇರಿ ಸರ್ ಕುರ್ಚಿಯಿಂದ ಎದ್ದ ಸದ್ದು. “ಅಲ್ರೀ ಬಾಯಿಯವರ, ನಮ್ಮ ಕಪ್ಪಿ ತತ್ತಿಯೊಳಗೂ ಹಿಂಗ ನೋಡ್ರಿ, ಮೊದಲ ಒಂದು ಖಾಲಿ ಜಾಗಾ ಆಗತೈತಿ” ಎಂದು ಶುರುಮಾಡುತ್ತಾರೆ. ಶಾಸನದವರು ನಡುವೆ ನುಗ್ಗುತ್ತಾರೆ. ನೀಲಿಬಣ್ಣದವರು ಅವರನ್ನು ಅಲ್ಲಗಳೆಯುತ್ತಾರೆ. ಒಬ್ಬರು ಚಹಾಕ್ಕೆ ಕೂಗುತ್ತಾರೆ, ಚಮಚ ಬೀಳುತ್ತದೆ, ನಾಲ್ಕೈದು ಜನ ಒಟ್ಟಿಗೆ ಕಿರುಚುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಮಾಡಿದವನು ನಿಮ್ಮ ಮೇಜಿನ ಹತ್ತಿರ ಸುಳಿದಿರಲಾರ. ಜುಬೇದಾ ಕಾರಣವನ್ನೂ ಕಂಡುಹಿಡಿದಿದ್ದಳು. ಹಳೆಯ ಧ್ವನಿಗಳನ್ನು ಗಡ್ಡೆಗಿಳಿಸಿದ ಯಂತ್ರಕ್ಕೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಯಾವುದು ಯಾರ ಮಾತೆಂದು ತಿಳಿಯುತ್ತಿರಲಿಲ್ಲ. ಅಂಥ ಕಡೆಗಳನ್ನೆಲ್ಲ ಅದು ಅಳಿಸಿಬಿಟ್ಟಿತ್ತು. ನಾವು ಮೌನವೆಂದು ಪೂಜಿಸಿದ್ದು ನಿಮ್ಮ ಅತ್ಯಂತ ದೊಡ್ಡ ಗದ್ದಲಗಳನ್ನು.

ನನಗೆ ನಗು ಬಂತು. ಹೊಟ್ಟೆ ಹಿಡಿದು ನಕ್ಕೆ. ನಕ್ಕು ಮುಗಿದ ಮೇಲೆ ಭಯವಾಯಿತು. ತೆರವು ಹೋದರೆ ನನಗಿನ್ನು ಆ ಮನೆಯಲ್ಲಿ ಬಾಯಿಯಿಲ್ಲ, ನನ್ನ ಹಾಗೆ ಗೋಡೆಗೊರಗಿ ಕೂತವರಿಗೂ ಇಲ್ಲ.

ಭಯಪಟ್ಟದ್ದೇ ಆಯಿತು. ಅಮ್ಮಿನಭಾವಿ ಈಗ ಕೇಳುಮನೆಯ ಹಿರಿಯ. ಅವನು ಒಂದು ಸಂಜೆ ಸಭೆ ಕರೆದು ಪೂರ್ಣ ಪ್ರತಿಯನ್ನು ಎಲ್ಲರಿಗೂ ಕೇಳಿಸಿದ. ಜನ ನಕ್ಕರು. ಅವನು ಎದ್ದು, “ಇಷ್ಟ ವರ್ಷ ಮಷೀನಿನ ತಪ್ಪಿಗೆ ಕೈಮುಗದು ಕುಂತಿದ್ವಿ. ಆ ಮಂದಿ ಎಷ್ಟ ಖುಷೀಲೆ ಮಾತಾಡತಾರ ಕೇಳ್ರಿ. ನಾವು ಸತ್ತವರ ಮನಿಯಾಗ ಕುಂತಂಗ ಕುಂಡರತೀವಿ. ತೆರವು ಸಾಕ ಬಿಡ್ರಿ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಗುಡಗೇರಿ ಸರ್, ನಿಮ್ಮ ಆ ಸಂಭ್ರಮ ಕೇಳಿ ನನಗೂ ಜೀವ ತುಂಬಿ ಬಂದಿತ್ತು. ದೇವರು ಬಿಟ್ಟ ಜಾಗಕ್ಕೂ ಕಪ್ಪೆಯ ತತ್ತಿಯೊಳಗಿನ ಪೊಳ್ಳಿಗೂ ನಂಟು ಹೊಳೆದಾಗ ಯಾವ ವಿದ್ವಾಂಸ ತಾನೇ ಸುಮ್ಮನೆ ಕೂತಾನು?

ಹಿರಿಯ ನನ್ನ ಕಡೆ ತಿರುಗಿ, “ನೀಲಕ್ಕ, ನೀ ಏನಂತಿ?” ಎಂದ. ನಾನು ಎದ್ದೆ. ಮೊದಲ ಅಕ್ಷರವೇ ಸಿಕ್ಕಿಕೊಂಡಿತು. ಅವನು ಒಳ್ಳೆಯವನು, ನನ್ನ ಕಷ್ಟ ನೋಡಲಾಗದೆ, “ತೆರವು ಇರಲಿ ಅಂತ ಅಕ್ಕನ ಅಭಿಪ್ರಾಯ, ಬರಕೊಳ್ರಿ” ಎಂದು ಮುಗಿಸಿ ಮುಂದಿನವರನ್ನು ಕರೆದ. ನಾನು ಹೇಳಹೊರಟದ್ದು ಅದಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಕೂರಲು ಹೊರಟೆ. ಆಗ ಜುಬೇದಾ ಎದ್ದು ನಿಂತಳು. ತೆರವು ಸುಳ್ಳೆಂದು ತೋರಿಸಿಕೊಟ್ಟವಳು ಅವಳೇ. “ಹಿರಿಯಾರ, ಅಕ್ಕೋರು ಇನ್ನೂ ಹೇಳಿಲ್ರಿ” ಎಂದಳು.

ಹಿರಿಯ ಮುಂದಿನವರನ್ನು ಮತ್ತೆ ಕೂರಿಸಿದ. ನಾನು ಎಡವಿ, ನಿಂತು, ಮತ್ತೆ ಎಡವಿ, ಕೇಳಿದೆ: ಆ ಬಾಯಿಯವರು ಏನು ಹೇಳುವವರಿದ್ದರು?

ಯಾರಿಗೂ ಗೊತ್ತಿರಲಿಲ್ಲ. ಪೂರ್ಣ ಪ್ರತಿಯಲ್ಲೂ ಇಲ್ಲ. ಗದ್ದಲವೆಲ್ಲ ತಣ್ಣಗಾದ ಮೇಲೆ ಗುಡಗೇರಿ ಸರ್ ನಿಮ್ಮನ್ನು, “ನೀವೇನೋ ಹೇಳಾಕತ್ತಿದ್ರಿ ಬಾಯಿಯವರ” ಎಂದು ಕೇಳುತ್ತಾರೆ. ನೀವು ನಕ್ಕು, “ಇರ್ಲಿ ಬಿಡ್ರೀ ಸರ್, ಏನೋ ಇತ್ತು, ಮರತಹೋತು” ಎನ್ನುತ್ತೀರಿ. ಜುಬೇದಾ ಆ ಭಾಗವನ್ನು ಇನ್ನೊಮ್ಮೆ ಕೇಳಿಸಿದಳು. ಈ ಸಲ ಯಾರೂ ನಗಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ; ಆಡದಿದ್ದರೂ ಹೋಗುತ್ತದೆ. ಅಮ್ಮಿನಭಾವಿ ನೀರಿನ ಲೋಟವನ್ನು ತನ್ನ ಮುಂದಕ್ಕೆ ಎಳೆದುಕೊಂಡ. ಆಮೇಲೆ, “ಇರ್ಲಿ, ತೆರವು ಇರ್ಲಿ. ಅವರು ಜಾಗಾ ಬಿಟ್ಟಿದ್ರು ಅಂತ ಅಲ್ಲ, ಅವರು ಬಿಡಲಿಲ್ಲ ಅಂತನ ನಾವು ಬಿಡೂಣು” ಎಂದ. ಜೊತೆಗೆ ಹೊಸದೊಂದು ಪದ್ಧತಿಯೂ ಸೇರಿತು: ತೆರವು ಮುಗಿದ ಮೇಲೆ ಚಹಾ ಬರುತ್ತದೆ, ಆಗ ಯಾರು ಬೇಕಾದರೂ ಯಾರ ಮಾತಿಗೆ ಬೇಕಾದರೂ ನುಗ್ಗಬಹುದು. ಅದಕ್ಕೆ ಗುಡಗೇರಿ ಎಂದೇ ಹೆಸರಿಟ್ಟಿದ್ದೇವೆ. ಸರ್, ಇಷ್ಟು ದೊಡ್ಡ ಗೌರವ ಇಲ್ಲಿ ಯಾರಿಗೂ ಸಂದಿಲ್ಲ.

ನಿಮಗೆಲ್ಲ ನಾನು ಋಣಿ. ಆಡಿದ ಮಾತಿಗೂ, ಆಡಿದ ಜಗಳಕ್ಕೂ. ಕೊನೆಗೊಂದು ಬೇಡಿಕೆ ಇದೆ. ಈ ಪತ್ರ ಆ ಸಂಜೆಗಿಂತ ಮೊದಲೇ ನಿಮ್ಮನ್ನು ತಲುಪಿದರೆ, ಗುಡಗೇರಿ ಸರ್, ಬಾಯಿಯವರು ದನಿ ತಗ್ಗಿಸಿದ ಕೂಡಲೇ ದಯವಿಟ್ಟು ಒಂದು ಪೇಢೆ ಬಾಯಿಗೆ ಹಾಕಿಕೊಳ್ಳಿ. ಅದು ಕರಗುವವರೆಗೆ ಸಾಕು. ಕಪ್ಪೆಯ ತತ್ತಿ ಎಲ್ಲಿಗೂ ಓಡಿಹೋಗುವುದಿಲ್ಲ.

ಆ ಸಂಜೆ ಆಗಲೇ ಕಳೆದಿದ್ದರೆ, ರೂತ್‌ಬಾಯಿ, ನೆನಪು ಮಾಡಿಕೊಳ್ಳಿ. ಎಣ್ಣೆ ಬಗ್ಗಿಸಿ ಖಾಲಿ ಮಾಡಿದ ಪಾತ್ರೆಯಲ್ಲಿ ಪಸೆ ಉಳಿಯುವಂತೆ ಆ ಖಾಲಿ ಜಾಗದಲ್ಲೂ ದೇವರ ಏನೋ ಒಂದಿಷ್ಟು ಉಳಿದಿತ್ತು ಎಂದು ನಿಮ್ಮ ಶಾಸ್ತ್ರದ ಹಳೆಯ ಪುಸ್ತಕಗಳು ಹೇಳುವುದನ್ನು ನಾನು ಓದಿದ್ದೇನೆ. ಅದು ಪುಸ್ತಕದ ಉತ್ತರ. ನೀವು ದನಿ ತಗ್ಗಿಸಿದ ರೀತಿ ನೋಡಿದರೆ, ನೀವು ಹೇಳಹೊರಟದ್ದು ಬೇರೇನೋ, ನಿಮ್ಮದೇ ಒಂದು ಮಾತು. ನಮ್ಮ ಗಡ್ಡೆಯಲ್ಲಿ ಆ ಜಾಗವನ್ನು ತುಂಬದೆ ಹಾಗೇ ಬಿಟ್ಟಿದ್ದಾಳೆ ಜುಬೇದಾ. ದಿನಾ ಸಂಜೆ ಅದನ್ನು ಅಂಗೈಯಲ್ಲಿ ಹಿಡಿದು ಕೂರುತ್ತೇನೆ.

ಹೇಳಿ ತಂಗೀ. ಎಷ್ಟು ಹೊತ್ತಾದರೂ ಆಗಲಿ. ನಾನು ನಡುವೆ ಬಾಯಿ ಹಾಕುವುದಿಲ್ಲ.

ನಿಮ್ಮ
ನೀಲಾಂಬಿಕೆ ಹೆಬಸೂರ