ಥಾರ್ನ್‌ಮೀರ್ ಮಠದ ದ್ವಾರಪಾಲಕ

ಜನವರಿ 31, 2002. ಗುರುವಾರ

ಇವತ್ತೂ ನಾಲ್ಕೇ ಪುಟ. ಡೊರೊಥಿ ತಮ್ಮ ಪುಸ್ತಕದ ಕೈಬರಹ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮಧ್ಯೆ ಅವರಿಗೇನೋ ನೆನಪಾಗುತ್ತದೆ, ಓದು ನಿಲ್ಲುತ್ತದೆ, ಟೀ ಬರುತ್ತದೆ... ಇವತ್ತು ಮೀನಿನ ಕೊಳಗಳ ಅಧ್ಯಾಯ. ಇಂಗ್ಲೆಂಡಿನ ಥಾರ್ನ್‌ಮೀರ್ ಮಠದ ಸನ್ಯಾಸಿಗಳು ಮಾಂಸ ತಿನ್ನುವಂತಿರಲಿಲ್ಲ, ಮೀನು ನಡೆಯುತ್ತಿತ್ತು. ಮೂರು ಕೊಳ ತೋಡಿಸಿದರು. ತೋಡಿದವರು ಹಳ್ಳಿಯವರು. ಮೀನು ಮಾತ್ರ ಹಳ್ಳಿಯವರಿಗೆ ಇಲ್ಲ. ಅವರು ಸುಂಕ ಕೊಟ್ಟು ಹಿಟ್ಟು ಬೀಸಿಸುವುದು ಮಠದ ಗಿರಣಿಯಲ್ಲೇ, ರೊಟ್ಟಿ ಸುಡುವುದು ಮಠದ ಒಲೆಯಲ್ಲೇ. ಆದರೂ ದಿನಾ ಬೆಳಿಗ್ಗೆ ಮಠದ ಬಾಗಿಲಿಗೆ ಬಂದವರಿಗೆ ಒಂದು ರೊಟ್ಟಿ. ನೀನು ಯಾರು ಎಂದು ಕೇಳುವಂತಿಲ್ಲ.

ನಮ್ಮ ಕಡೆಯ ಮಠಗಳಲ್ಲೂ ಹಾಗೇ, ದರ್ಗಾಗಳಲ್ಲೂ ಹಾಗೇ ಎಂದೆ. ಡೊರೊಥಿ ಕನ್ನಡಕ ತೆಗೆದಿಟ್ಟು, ಹೇಳಿ ಹೇಳಿ ಎಂದರು. ಹತ್ತು ನಿಮಿಷ ಹೇಳಿದೆ. ಅಮೆರಿಕಕ್ಕೆ ಬಂದು ಮೂರು ವರ್ಷ. ನಾನು ಹತ್ತು ನಿಮಿಷ ಒಂದೇ ಸಮ ಮಾತಾಡಿ, ಇನ್ನೊಬ್ಬರು ಕೂತು ಕೇಳಿದ್ದು ಇದೇ ಮೊದಲು.

ಬಿಜಾಪುರದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಇಲ್ಲಿ ಗ್ಲೆಂಡೇಲ್ ಹೈಟ್ಸ್‌ನ ಲೈಬ್ರರಿಯಲ್ಲಿ, ಇಂಗ್ಲಿಷ್ ಮಾತಾಡಲು ಕಲಿಸುವ ಗುಂಪಿನಲ್ಲಿ ಕೂತು ‘ಎಕ್ಸ್‌ಕ್ಯೂಸ್ ಮಿ, ವೇರ್ ಈಸ್ ದ ಮಿಲ್ಕ್’ ಎನ್ನುತ್ತಿದ್ದೆ. ಕಲಿಸಲು ಬಂದ ವಾಲಂಟಿಯರ್ ಈ ಡೊರೊಥಿ. ಊರಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಮುಂದಿನ ವಾರವೇ ಪುಸ್ತಕ ಟೈಪ್ ಮಾಡಲು ಪಕ್ಕದ ಗ್ಲೆನ್ ಎಲಿನ್‌ನ ತಮ್ಮ ಮನೆಗೆ ಕರೆದರು. ಈಗ ಪ್ರತಿ ಗುರುವಾರ, ಎರಡರಿಂದ ನಾಲ್ಕೂವರೆ. ಎಂಬತ್ತರ ಹತ್ತಿರದ ಹೆಂಗಸನ್ನು ಹೆಸರು ಹಿಡಿದು ಕರೆಯಲು ನಾಲಗೆ ಏಳದು. ಆಂಟಿ ಎಂದರೆ ನಗುತ್ತಾರೆ. ಹಾಗಾಗಿ ಎದುರಿಗೆ ಏನೂ ಕರೆಯುವುದಿಲ್ಲ.

ಫೆಬ್ರವರಿ 5

ಹನ್ನೊಂದು ಡಿಗ್ರಿ, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ; ಎಲ್ಲ ಹೆಪ್ಪುಗಟ್ಟಿದೆ. ನನ್ನ ಗಂಡ ಹಫೀಜ್ ಬೆಳಿಗ್ಗೆ ಏಳಕ್ಕೇ ಡ್ರೈ ಕ್ಲೀನಿಂಗ್ ಅಂಗಡಿಗೆ. ಮಗಳು ಯುಸ್ರಾ ಸ್ಕೂಲಿಗೆ. ಏನು ಕೇಳಿದರೂ ‘ಫೈನ್ ಅಮ್ಮಿ’. ಊಟ ಹೇಗಿತ್ತು, ಫೈನ್. ಪರೀಕ್ಷೆ, ಫೈನ್. ಹದಿನೈದಕ್ಕೆ ಇಷ್ಟು ಕಡಿಮೆ ಮಾತು ಎಲ್ಲಿ ಕಲಿತಳೋ.

ಈ ನೋಟ್‌ಬುಕ್ ಅಡುಗೆಮನೆ ಮೇಜಿನ ಮೇಲೇ ಬಿಟ್ಟಿರುತ್ತೇನೆ. ಬಚ್ಚಿಡುವ ಅಗತ್ಯವಿಲ್ಲ. ಹಫೀಜ್ ಬೀದರಿನ ಉರ್ದು ಸ್ಕೂಲಿನಲ್ಲಿ ಓದಿದವರು, ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಮಗಳು ಓದಿದ್ದು ಇಂಗ್ಲಿಷ್ ಮೀಡಿಯಂ, ನನ್ನ ಕೂಡಕ್ಷರ ಅವಳಿಗೆ ಹತ್ತದು. ಈ ಮನೆಯಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ.

ಫೆಬ್ರವರಿ 14. ಗುರುವಾರ

ಡೊರೊಥಿ ಈ ಪುಸ್ತಕ ಯಾಕೆ ಬರೆಯುತ್ತಿದ್ದಾರೆ ಎಂದು ಇವತ್ತು ತಿಳಿಯಿತು.

ಅವರು ಹುಟ್ಟಿದ್ದು ಥಾರ್ನ್‌ಮೀರ್ ಹಳ್ಳಿಯಲ್ಲೇ. ಯುದ್ಧಕ್ಕೆ ಬಂದಿದ್ದ ಅಮೆರಿಕನ್ ಸೈನಿಕನನ್ನು ಮದುವೆಯಾಗಿ 1946ರಲ್ಲಿ ಹಡಗು ಹತ್ತಿದರು. ಮತ್ತೆ ಹೋಗಿಲ್ಲ. ತವರಿನ ಹೆಸರು ಹಾರೋ. ಆ ಹಳ್ಳಿಯಲ್ಲಿ ಹಾರೋ ಎಂದರೆ ಚಾಡಿಕೋರ ಎಂದೇ ಅರ್ಥವಂತೆ. ಹದಿನಾರನೇ ಶತಮಾನ, ಇಂಗ್ಲೆಂಡಿನ ರಾಜ ಮಠಗಳನ್ನು ಮುಚ್ಚಿಸಿ ಆಸ್ತಿ ಕಸಿಯುತ್ತಿದ್ದ ಕಾಲ. ಸನ್ಯಾಸಿಗಳು ಬೆಳ್ಳಿಯ ಪೂಜಾಪಾತ್ರೆಗಳನ್ನು ಮೀನಿನ ಕೊಳದಲ್ಲಿ ಮುಳುಗಿಸಿ ಬಚ್ಚಿಟ್ಟರು. ಒಳಗಿನವರೇ ಯಾರೋ ರಾಜನ ಕಡೆಯವರಿಗೆ ಪತ್ರ ಬರೆದು ಜಾಗ ಹೇಳಿಬಿಟ್ಟರು. ಮೂವರನ್ನು ನೇಣು ಹಾಕಿದರು. ಮಠ ಬಿತ್ತು. ಛಾವಣಿಯ ಸೀಸ ರಾಜನಿಗೆ, ಕಲ್ಲು ಹಳ್ಳಿಯವರ ದನದ ಕೊಟ್ಟಿಗೆಗಳಿಗೆ. ಪತ್ರದಲ್ಲಿ ಹೆಸರಿಲ್ಲ. ಆದರೆ ಮಠದ ದ್ವಾರಪಾಲಕ ಜಾನ್ ಹಾರೋಗೆ ಆಮೇಲೆ ಒಂದು ಹೊಲ ಸಿಕ್ಕಿತು. ಅಷ್ಟು ಸಾಕಾಯಿತು ಊರಿಗೆ. ನಾನೂರ ಅರವತ್ತು ವರ್ಷ.

ಶಾಲೆಯಲ್ಲಿ ವೃತ್ತಾಕಾರವಾಗಿ ನಿಂತು ಹಾಡುವಾಗ ಪುಟ್ಟ ಡೊರೊಥಿಯ ಕೈ ಯಾರೂ ಹಿಡಿಯುತ್ತಿರಲಿಲ್ಲವಂತೆ. ಕರ್ಚೀಫಿನ ತುದಿ ಹಿಡಿಯುತ್ತಿದ್ದರಂತೆ. ಹೇಳುವಾಗ ಅವರ ಕುತ್ತಿಗೆ ಕೆಂಪಗಾಯಿತು.

ಈಗ ಅವರ ಬಳಿ ಪುರಾವೆ ಇದೆ. ಪತ್ರದ ತಾರೀಖು 1538ರ ಫೆಬ್ರವರಿ 12. ಹಾರೋ ಮಠದ ಕೆಲಸಕ್ಕೆ ಬೇರೆ ಊರಿನಿಂದ ಬಂದು ಸೇರಿದ್ದು 1538ರ ಸೆಪ್ಟೆಂಬರ್ 29. ಊರಿಗೇ ಬಾರದವನು ಚಾಡಿ ಹೇಗೆ ಹೇಳಿಯಾನು? ಎರಡೂ ಕಾಗದದ ಫೋಟೊಕಾಪಿ ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು. ಜೂನ್‌ನಲ್ಲಿ ಐವತ್ತಾರು ವರ್ಷಗಳ ಮೇಲೆ ಊರಿಗೆ ಹೋಗುತ್ತಾರೆ. ಚರ್ಚ್ ಹಾಲ್‌ನಲ್ಲಿ ಎಲ್ಲರ ಮುಂದೆ ಆ ಅಧ್ಯಾಯ ಓದುತ್ತಾರೆ. ಕರ್ಚೀಫಿನ ತುದಿ ಹಿಡಿದವರಲ್ಲಿ ಇಬ್ಬರು ಇನ್ನೂ ಬದುಕಿದ್ದಾರಂತೆ.

ನಾನು ಚಪ್ಪಾಳೆ ತಟ್ಟಿದೆ. ನಿಜವಾಗಿಯೂ ತಟ್ಟಿದೆ, ಹುಚ್ಚಿ.

ಫೆಬ್ರವರಿ 23. ಬಕ್ರೀದ್

ವಿಲ್ಲಾ ಪಾರ್ಕ್‌ನ ಮಸೀದಿಗೆ ಹೋಗಿ ಬಂದೆವು. ಹೆಂಗಸರ ಕಡೆ ಮೂವತ್ತು ಜನರನ್ನು ಅಪ್ಪಿಕೊಂಡಿರಬೇಕು. ಒಬ್ಬರ ಹೆಸರೂ ನೆನಪಿಲ್ಲ. ಅವರಿಗೂ ನನ್ನದು ನೆನಪಿರಲಿಕ್ಕಿಲ್ಲ. ಹಫೀಜ್ ಮಧ್ಯಾಹ್ನವೇ ಅಂಗಡಿ ತೆರೆದರು. ಬಿರಿಯಾನಿ ಉಳಿದಿದೆ, ತುಂಬಾ ಉಳಿದಿದೆ. ಗುರುವಾರ ಡೊರೊಥಿಗೆ ಒಯ್ಯಬೇಕು. ಖಾರ ತೊಳೆದು ತಿನ್ನುತ್ತಾರೋ ಏನೋ.

ಮಾರ್ಚ್ 14. ಗುರುವಾರ

ಹಳ್ಳಿಯ ಚರ್ಚಿನಿಂದ ಹೊಸ ಕಟ್ಟು ಬಂದಿದೆ. ಊರಲ್ಲಿ ಸತ್ತವರನ್ನು ಹೂಳಿದ ದಿನಗಳ ರಿಜಿಸ್ಟರ್, ಮೊದಲ ಕೆಲವು ಪುಟ. ಯಾರೋ ಪುಣ್ಯಾತ್ಮರು ಓದುವ ಅಕ್ಷರದಲ್ಲಿ ನಕಲು ಮಾಡಿದ್ದಾರೆ. ಪುಸ್ತಕದ ಕೊನೆಗೆ ಸೇರಿಸೋಣ ಎಂದರು ಡೊರೊಥಿ. ಮನೆಗೆ ತಂದಿದ್ದೇನೆ. ಏಪ್ರಿಲ್ ಕೊನೆಗೆ ಪ್ರಿಂಟಿಂಗ್. ಅರವತ್ತು ಪ್ರತಿ.

ಮಾರ್ಚ್ 16. ಬೆಳಿಗ್ಗೆ 11

ನಿಧಾನವಾಗಿ ಬರೆಯುತ್ತೇನೆ.

ರಿಜಿಸ್ಟರ್ ಟೈಪ್ ಮಾಡುತ್ತಿದ್ದೆ. ಮಾರ್ಚ್ 23, 1538 — ವಿಧವೆ ಆಗ್ನೆಸ್. ಅದರ ಕೆಳಗೇ, ಮಾರ್ಚ್ 26, 1539 — ಒಂದು ಕೂಸು, ಹೆಸರಿಲ್ಲ. ಒಂದು ವರ್ಷ ಊರಲ್ಲಿ ಯಾರೂ ಸಾಯಲಿಲ್ಲವೇ? ಪುಟ ಕಳೆದಿದೆ ಎಂದುಕೊಂಡೆ. ಪುಟದ ಸಂಖ್ಯೆ ಸರಿಯಿದೆ. ಇನ್ನೂ ಕೆಳಗೆ ನೋಡಿದೆ. ಮಾರ್ಚ್ 19, 1539, ಅದರ ಮುಂದಿನ ಸಾಲು ಏಪ್ರಿಲ್ 2, 1540. ಪ್ರತಿ ಸಲವೂ ಅದೇ ಜಾಗದಲ್ಲಿ ವರ್ಷ ಹೊರಳುತ್ತದೆ.

ತಲೆ ಎತ್ತಿದರೆ ಎದುರಿಗೆ ಗೋಡೆ. ನಿನ್ನೆ ಮೊಹರಂ ತಿಂಗಳು ಹುಟ್ಟಿತು, ನಮ್ಮ ಹೊಸ ವರ್ಷ, ಹಫೀಜ್ ಹೊಸ ಹಿಜರಿ ಕ್ಯಾಲೆಂಡರ್ ತಗುಲಿಹಾಕಿದ್ದಾರೆ. ಪಕ್ಕದಲ್ಲಿ ಬ್ಯಾಂಕಿನವರು ಕೊಟ್ಟದ್ದು, ಜನವರಿಯಿಂದ. ಬಿಜಾಪುರದಲ್ಲಿ ಇನ್ನೊಂದಿತ್ತು — ಪಕ್ಕದ ಮನೆಯ ಜಯದೇವಿ ಟೀಚರ್ ಯುಗಾದಿಗೆ ಬೇವು ಬೆಲ್ಲ ತಂದು, ಹೊಸ ವರ್ಷ ಬಂತು ನೋಡು ಎನ್ನುತ್ತಿದ್ದರು. ಡಿಸೆಂಬರ್ ಮುಗಿದ ಮಾತ್ರಕ್ಕೆ ವರ್ಷ ಮುಗಿಯುವುದಿಲ್ಲ ಎಂದು ನನಗೆ ಎಳೆತನದಿಂದ ಗೊತ್ತು.

ಎಂ.ಎ.ನಲ್ಲಿ ಓದಿಯೂ ಇದ್ದೆ. ಮರೆತಿದ್ದೆ. ಹಳೆಯ ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುವುದು ಮಾರ್ಚ್ 25ಕ್ಕೆ.

ಅಂದರೆ 1538ರ ಫೆಬ್ರವರಿ, 1538ರ ಸೆಪ್ಟೆಂಬರ್ ಆದ ಮೇಲೆ ಬರುತ್ತದೆ. ಪತ್ರ ಹೋದಾಗ ಹಾರೋ ಬಂದು ನಾಲ್ಕೂವರೆ ತಿಂಗಳಾಗಿತ್ತು. ಬಾಗಿಲ ಕೀಲಿ ಅವನ ಸೊಂಟದಲ್ಲೇ ಇತ್ತು.

ಅವನೇ ಬರೆದ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಡೊರೊಥಿಯ ಪುರಾವೆ ಹೋಯಿತು. ಪೂರ್ತಿ ಹೋಯಿತು.

ಮಾರ್ಚ್ 17

ಶಾಂಭವಿಗೆ ಫೋನ್ ಮಾಡಿದೆ. ಧಾರವಾಡದಲ್ಲಿ ಎಂ.ಎ. ಕ್ಲಾಸ್‌ಮೇಟ್, ಈಗ ಡೆಟ್ರಾಯಿಟ್ ಹತ್ತಿರ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿದ್ದಾಳೆ. ಕನ್ನಡದಲ್ಲಿ ಜಗಳವಾಡಲು ನನಗಿರುವುದು ಅವಳೊಬ್ಬಳು. ಎಲ್ಲ ಕೇಳಿಸಿಕೊಂಡಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಸುಮ್ನ ಇರು. ಅಕಿಗೆ ಎಂಬತ್ತು ಆಗ್ಲಿಕ್ಕೆ ಬಂತು, ಅದು ಐನೂರು ವರ್ಷದ ಸುದ್ದಿ. ಯಾಕ ತಲಿ ಕೆಡಿಸ್ಕೋತಿ?”

ಚರ್ಚ್ ಹಾಲ್‌ನಲ್ಲಿ ಯಾರಾದರೂ ಎದ್ದು ಹೇಳಿದರೆ ಎಂದೆ. ಆ ಊರಿನವರಿಗೆ ಅವರ ಹಳೇ ಕ್ಯಾಲೆಂಡರ್ ಗೊತ್ತಿರುವುದಿಲ್ಲವೇ. ಎಲ್ಲರ ಮುಂದೆ ಮತ್ತೊಮ್ಮೆ ಅವಮಾನ ಆಗುವುದಿಲ್ಲವೇ.

ಕುಕ್ಕರ್ ಆರಿಸಿ ಬಂದಳು. ಆಮೇಲೆ ಕೇಳಿದಳು: “ಹೇಳಿದ ಮ್ಯಾಲೆ ಅಕಿ ನಿನ್ನ ಬಾ ಅಂತಾಳೇನು?”

ಅದೇ. ನನ್ನ ಹೊಟ್ಟೆಯಲ್ಲಿ ಇದ್ದದ್ದೂ ಅದೇ. ಡೊರೊಥಿಯ ಮಾನಕ್ಕಿಂತ ನನಗೆ ನನ್ನ ಗುರುವಾರದ ಚಿಂತೆ. ನಾಚಿಕೆಯಾಗಬೇಕು.

ಮಾರ್ಚ್ 21. ಗುರುವಾರ

ಹೇಳಲಿಲ್ಲ. ಬಾಯಿ ತೆರೆದೆ. ಬಿರಿಯಾನಿ ಚೆನ್ನಾಗಿತ್ತು, ಮತ್ತೆ ಯಾವಾಗ ಮಾಡುತ್ತೀರಿ ಎಂದು ಕೇಳಿದರು. ಬಾಯಿ ಮುಚ್ಚಿದೆ.

ಮಾರ್ಚ್ 28

ಇವತ್ತೂ ಇಲ್ಲ. ಹಾರೋ ಅಧ್ಯಾಯವನ್ನು ನಿಂತು, ಗಟ್ಟಿಯಾಗಿ ಓದಿದರು, ಹಾಲ್‌ನಲ್ಲಿ ಓದುವ ಹಾಗೆ. ನಾನೇ ಸಭೆ. ಕೊನೆಯ ಪ್ಯಾರಾವನ್ನು ಎರಡು ಸಲ ಓದಿದರು. ಹೇಗಿದೆ ಎಂದು ಕೇಳಿದರು. ತುಂಬಾ ಚೆನ್ನಾಗಿದೆ ಎಂದೆ.

ಹನ್ನೊಂದು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಇಸವಿಗೆ ಕೆಂಪು ಗೆರೆ ಎಳೆದ ಕೈ ಇದು. ಛೆ.

ಏಪ್ರಿಲ್ 4. ಗುರುವಾರ, ಸಂಜೆ 6

ಹೇಳಿದೆ.

ಕೋಟು ಬಿಚ್ಚುವ ಮೊದಲೇ. ಬಿಚ್ಚಿದರೆ ಕೂರುತ್ತೇನೆ, ಕೂತರೆ ಟೀ ಬರುತ್ತದೆ, ಟೀ ಬಂದರೆ ಮುಗಿಯಿತು. ರಿಜಿಸ್ಟರ್ ತೆರೆದು ಎರಡು ಸಾಲು ತೋರಿಸಿದೆ. ವಿಧವೆ ಆಗ್ನೆಸ್, ಹೆಸರಿಲ್ಲದ ಕೂಸು. ಮಾರ್ಚ್ 25. ನನ್ನ ಇಂಗ್ಲಿಷ್ ತೊದಲಿತು, ಆದರೆ ಇಸವಿಗಳು ತೊದಲಲಿಲ್ಲ.

ಡೊರೊಥಿ ಪುಟವನ್ನು ನೋಡಲೇ ಇಲ್ಲ. ಕಿಟಕಿ ಕಡೆ ನೋಡಿದರು. ಆಮೇಲೆ ಫೈಲು ಮುಚ್ಚಿದರು. ಇವತ್ತಿಗೆ ಸಾಕು ಎಂದರು, ಥ್ಯಾಂಕ್ ಯು ಎಂದರು. ಬಾಗಿಲವರೆಗೂ ಬರಲಿಲ್ಲ. ರೂಸ್‌ವೆಲ್ಟ್ ರೋಡಿನಲ್ಲಿ ಎಲ್ಲಿ ತಿರುಗಬೇಕೋ ಅಲ್ಲಿ ತಿರುಗದೆ ಮೂರು ಮೈಲಿ ಮುಂದೆ ಹೋಗಿಬಿಟ್ಟೆ.

ಏಪ್ರಿಲ್ 11

ಗುರುವಾರ. ಫೋನ್ ಬರಲಿಲ್ಲ. ಎರಡು ಗಂಟೆಗೆ ಕೋಟು ಹಾಕಿಕೊಂಡೆ. ಎರಡೂವರೆಗೆ ತೆಗೆದೆ.

ಏಪ್ರಿಲ್ 13

ಯುಗಾದಿ. ಶಾಂಭವಿ ಫೋನ್ ಮಾಡಿ ಹೋಳಿಗೆ ಮಾಡಿದ್ದನ್ನು ಹೊಟ್ಟೆ ಉರಿಯುವ ಹಾಗೆ ವರ್ಣಿಸಿದಳು. ಡೊರೊಥಿಯ ಬಗ್ಗೆ ಕೇಳಲಿಲ್ಲ. ಒಳ್ಳೆಯ ಹುಡುಗಿ.

ಏಪ್ರಿಲ್ 18

ಲೈಬ್ರರಿಗೆ ಹೋದೆ. ಗುಂಪಿಗೆ ಈಗ ಬೇರೆ ವಾಲಂಟಿಯರ್. ಡೊರೊಥಿಗೆ ಆರೋಗ್ಯ ಸರಿಯಿಲ್ಲವೇ ಎಂದು ಕೇಳಿದೆ. ಚೆನ್ನಾಗಿಯೇ ಇದ್ದಾರೆ, ಬ್ರೇಕ್ ಬೇಕಂತೆ ಎಂದರು. ವೃತ್ತದಲ್ಲಿ ಕೂತೆ. ನಿಮ್ಮ ವೀಕೆಂಡ್ ಹೇಗಿತ್ತು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಫೈನ್ ಎಂದೆ.

ಏಪ್ರಿಲ್ 23. ಮಂಗಳವಾರ, ಮಧ್ಯಾಹ್ನ

ಡೊರೊಥಿ ಫೋನ್ ಮಾಡಿದ್ದರು. ಹಲೋ ಎಂದೂ ಅನ್ನಲಿಲ್ಲ. ಅವರು ಆಡಿದ್ದನ್ನು ನನಗೆ ಬಂದ ಹಾಗೆ ಕನ್ನಡಕ್ಕೆ ಇಳಿಸುತ್ತೇನೆ.

“ನನಗೆ ಗೊತ್ತಿತ್ತು, ಮುಸರ್ರತ್. ಚರ್ಚ್ ಸ್ಕೂಲಿನಲ್ಲಿ ಎಂಟು ವರ್ಷಕ್ಕೇ ಕಲಿಸಿದ್ದರು, ಮಾರ್ಚ್ 25.”

ಹಾಗಾದರೆ ಯಾಕೆ ಎಂದೆ.

“ಒಬ್ಬರಾದರೂ ನಂಬಿದರೆ ನಾನೂ ನಂಬಬಹುದು ಅನ್ನಿಸಿತ್ತು. ನೀವು ಟೀಚರ್, ಆದರೆ ಇಂಡಿಯಾದವರು. ಇದು ನಿಮಗೆ ಗೊತ್ತಿರಲಾರದು ಅಂದುಕೊಂಡೆ. ಅದಕ್ಕೇ ನಿಮ್ಮನ್ನು ಕರೆದೆ.”

ಮೈಯೆಲ್ಲ ಉರಿಯಿತು. ಮೂರು ತಿಂಗಳು! ಅವರು ಕನ್ನಡಕ ತೆಗೆದು ಕೇಳಿದಾಗಲೆಲ್ಲ, ನನ್ನೊಳಗಿನ ಮೇಡಂ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಅವರಿಗೆ ಬೇಕಾಗಿದ್ದದ್ದು ಗೊತ್ತಿಲ್ಲದವಳು. ಅಳು ಬಂತು, ಫೋನಿನಲ್ಲಿ ಅಳಲಿಲ್ಲ.

ಆಮೇಲೆ ಡೊರೊಥಿ, ಆ ಅಧ್ಯಾಯ ಹೊಸದಾಗಿ ಬರೆಯಬೇಕು, ನನ್ನೊಬ್ಬಳಿಂದ ಆಗುವುದಿಲ್ಲ, ಗುರುವಾರ ಬಂದು ಟೈಪ್ ಮಾಡುತ್ತೀರಾ ಎಂದರು. ಬೇಡಿದ ಹಾಗಿತ್ತು ಧ್ವನಿ.

ಬರೀ ಟೈಪ್ ಮಾಡಲು ನಾನು ಬರುವುದಿಲ್ಲ ಎಂದೆ. ಜೊತೆಗೆ ಕೂತು ಬರೆಯುವುದಾದರೆ ಬರುತ್ತೇನೆ. ಫೋನ್ ಇಟ್ಟೆ. ಲಾಂಡ್ರಿ ರೂಮಿಗೆ ಹೋಗಿ ಡ್ರೈಯರ್ ಹಾಕಿಕೊಂಡು, ಅದರ ಸದ್ದಿನಲ್ಲಿ ಚೆನ್ನಾಗಿ ಅತ್ತೆ.

ಏಪ್ರಿಲ್ 24

ಬೆಳಿಗ್ಗೆ ಫೋನಿನ ಆನ್ಸರಿಂಗ್ ಮೆಷಿನ್‌ನಲ್ಲಿ ಡೊರೊಥಿಯ ಒಂದೇ ಮಾತು. ‘ಎರಡು ಗಂಟೆಗೆ. ದಯವಿಟ್ಟು.’

ಹೋಗುವುದಿಲ್ಲ.

ಏಪ್ರಿಲ್ 25. ಗುರುವಾರ, 1:50

ಕಾರಿನಲ್ಲಿ, ಅವರ ಮನೆಯ ಎದುರು. ಸ್ಟಿಯರಿಂಗ್ ಮೇಲೆ ನೋಟ್‌ಬುಕ್. ಸಿಟ್ಟು ಇನ್ನೂ ಇದೆ. ಇವತ್ತು ಬಾರದಿದ್ದರೆ ಮುಂದಿನ ಗುರುವಾರ ಏನು ಮಾಡುವುದು ಎಂಬುದೂ ಇದೆ. ಅವರಿಗಾದರೂ ಇನ್ಯಾರಿದ್ದಾರೆ.

ನಲವತ್ತು ಡಿಗ್ರಿಯ ಚಳಿ, ಜಡಿಮಳೆ. ಪರದೆ ಸರಿಯಿತು. ನೋಡಿದರು.

ಮೊದಲ ವಾಕ್ಯ ದಾರಿಯಲ್ಲೇ ಸಿಕ್ಕಿತು, ಮರೆಯುವ ಮುಂಚೆ ಬರೆದಿಡುತ್ತೇನೆ. ‘ಜಾನ್ ಹಾರೋ ನಿರಪರಾಧಿ ಎಂದು ಹೇಳಲು ನಮ್ಮ ಬಳಿ ಆಧಾರವಿಲ್ಲ. ಅವನೇ ಅಪರಾಧಿ ಎಂದು ನಾನೂರ ಅರವತ್ತು ವರ್ಷ ಹೇಳಿದವರ ಬಳಿಯೂ’ — ಅಯ್ಯೋ, ಬಾಗಿಲು ತೆರೆದು ಹೊರಗೇ ಬಂದುಬಿಟ್ಟರು, ಕೊಡೆಯಿಲ್ಲ, ಕಾಲಲ್ಲಿ ಬರೀ ಕಾಲುಚೀಲ, ಒದ್ದೆ ಮೆಟ್ಟಿಲು, ಕೈ ಚಾಚಿಕೊಂಡೇ ಇಳಿಯುತ್ತಿದ್ದಾರೆ, ನಾನು ಹೋಗಿ ಆ ಕೈ ಹಿಡಿಯದಿದ್ದರೆ ಬೀಳು—