ಅಪ್ಪ ಬಳಸಿ ನಡೆದ ಜಾಗ

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 6

"ಬಾವಿ ತಾನು ಕಂಡದ್ದನ್ನು ಯಾರಿಗೂ ಹೇಳದು..." ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದೋ, ಮುಂದೇನೋ, ನೆನಪಿಲ್ಲ. ದನಗಳಿಗೆ ಒಣಹುಲ್ಲು ಹಾಕುವಾಗ ಬಾಯಿಗೆ ಬಂತು. ನಿಜವೇ? ಹೇಳದಿದ್ದರೆ ಊರಿನ ನಲ್ಲಿನೀರಿನ ವರದಿಯಲ್ಲಿ ಆ ಹಳೆಯ ಕಳೆನಾಶಕ ಎಲ್ಲಿಂದ ಬಂತು? ಈಗ ಯಾವ ಅಂಗಡಿಯಲ್ಲೂ ಸಿಗದ ಔಷಧಿ. ಅಪಾಯದ ಮಟ್ಟಕ್ಕಿಂತ ಕಡಿಮೆಯಂತೆ. ಆದರೂ ಶಾಲೆಯಲ್ಲಿ ಬಾಟಲಿ ನೀರು.

ನಿನ್ನೆ ಟೌನ್‌ಹಾಲಿನಲ್ಲಿ ಸಭೆ. ಊರಿನ ನಲ್ಲಿಗಳಿಗೆ ನೀರು ಕೊಡುವ ಬಾವಿಯ ಸುತ್ತ ಜಮೀನಿರುವವರಿಗೆ ಸರ್ಕಾರದ ಹಣ — ಬಳಸದ ಹಳೆ ಬಾವಿಗಳನ್ನು ಶುಚಿ ಮಾಡಿ, ಜೇಡಿಮಣ್ಣು ತುಂಬಿ ಮುಚ್ಚಲು. ಅವುಗಳ ಮೂಲಕವೇ ಹೊಲದ ವಿಷ ಊರಿನ ನೀರಿಗೆ ಇಳಿಯುತ್ತದಂತೆ. ಖರ್ಚಿನ ಮುಕ್ಕಾಲು ಪಾಲು ಸರ್ಕಾರದ್ದು. ಹದಿನಾಲ್ಕು ಮನೆಯವರು ಇದ್ದೆವು. ಕೈ ಎತ್ತಿದವಳು ನಾನೊಬ್ಬಳೇ. ಪಕ್ಕದ ಹೊಲದ ಹಾರ್ವಿ ಶಾಂಟ್ಜ್ ಎಲ್ಲರಿಗೂ ಕೇಳುವಂತೆ, "ಅಂತೂ ಲೊರ್ನಾ ಎಂ.ಎ. ಓದಿದ್ದು ಸಾರ್ಥಕ ಆಯ್ತು ಬಿಡ್ರಪ್ಪ. ಇಷ್ಟು ದಿನ ಹಸುಗಳಿಗೆ ಪದ್ಯ ಓದ್ತಿದ್ಲು, ಇನ್ಮೇಲೆ ಫಾರಂ ತುಂಬ್ತಾಳೆ."

ಎಲ್ಲ ನಕ್ಕರು. ನಾನೂ ನಕ್ಕೆ.

ಏಪ್ರಿಲ್ 10

ಫಾರಂ. ನಾಲ್ಕನೇ ಪ್ರಶ್ನೆ: ಜಮೀನಿನಲ್ಲಿ ಬಾವಿಗಳೆಷ್ಟು, ಬಳಸದವೂ ಸೇರಿ?

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಎರಡು. ಮನೆಯ ಬೋರ್‌ವೆಲ್ಲು, ಕೊಟ್ಟಿಗೆ ಹಿಂದಿನ ಪಾಳುಬಾವಿ."

"ಅಷ್ಟೇನಾ?"

"ನೀರು ಎಲ್ಲಿದೆ ಅಂತ ನನ್ನ ಕೇಳ್ತೀಯಲ್ಲ, ಹುಡುಗಿ!"

ಕೇಳಬಾರದಿತ್ತು. ಅಪ್ಪನಿಗೆ ಎಂಬತ್ತೊಂದು. ಬಗ್ಗಿಸಿದ ಎರಡು ತಂತಿ ಹಿಡಿದು ನಡೆದರೆ, ಅವು ಎಲ್ಲಿ ಕತ್ತರಿಯಂತೆ ಕೂಡುತ್ತವೋ ಅಲ್ಲಿ ನೀರು. ವಿಜ್ಞಾನ ಒಪ್ಪುವುದಿಲ್ಲ. ಆದರೆ ಈ ಕಡೆಯ ಅರ್ಧ ಬಾವಿಗಳು ಅಪ್ಪ ತೋರಿಸಿದವೇ. ಊರಿನ ಕುಡಿಯುವ ನೀರಿನ ಬಾವಿ ಕೂಡ — 1983. ಪಂಪ್‌ಹೌಸಿನ ಗೋಡೆಯಲ್ಲಿ ಹಿತ್ತಾಳೆ ಫಲಕ: "ಈ ನೀರನ್ನು ಕಂಡವರು ಎಲ್ವುಡ್ ಗ್ರೇಬಿಲ್." ಶಾಲೆಗೆ ಹೋಗುವಾಗ ದಿನಾ ಅದನ್ನು ತೋಳಿನಿಂದ ಒರೆಸಿ ಹೋಗುತ್ತಿದ್ದೆ.

ಏಪ್ರಿಲ್ 17. ಮಧ್ಯಾಹ್ನ

ಜಲ ಕಚೇರಿಯಿಂದ ಜೋಸ್ಲಿನ್ ಬಂದಳು. ಕೈಯಲ್ಲಿ ನಕ್ಷೆ, ಕಾಲಲ್ಲಿ ಮೊಣಕಾಲುದ್ದ ಬೂಟು. "ನಿಮ್ಮ ತಂತಿ ವಿದ್ಯೆ ಒಂದ್ಸಲ ನೋಡಬಹುದಾ, ಎಲ್ವುಡ್ ಅವರೇ?" ಅಪ್ಪ ಉಬ್ಬಿಹೋದ. ಮೇಲಿನ ಹುಲ್ಲುಗಾವಲಿನಲ್ಲಿ ದಾರ ಹಿಡಿದಂತೆ ನೆಟ್ಟಗೆ ನಡೆದ.

ನೇರಳೆ ಹೂಗೊಂಚಲು ಬಿಡುವ ಲೈಲಾಕ್ ಪೊದೆಯ ಹತ್ತಿರ ಮಾತ್ರ... ಸುತ್ತು ಬಳಸಿ ನಡೆದ. ಹತ್ತು ಹೆಜ್ಜೆ ದೂರದಿಂದ.

ಅಜ್ಜನ ಮೊದಲ ಮನೆ ಇದ್ದದ್ದು ಅಲ್ಲಿ. ಮನೆ ಬಿದ್ದುಹೋಗಿ ಬಾಗಿಲ ಬಳಿ ನೆಟ್ಟಿದ್ದ ಲೈಲಾಕ್ ಉಳಿದಿದೆ. ಈ ಕಡೆ ಎಲ್ಲ ಹಾಗೇ. ಮನೆ ಇದ್ದಲ್ಲಿ ಬಾವಿ ಇರಲೇಬೇಕು.

ಜೋಸ್ಲಿನ್‌ಗೆ ಏನೂ ಹೇಳಲಿಲ್ಲ. ಅಪ್ಪನನ್ನೂ ಕೇಳಲಿಲ್ಲ.

ಏಪ್ರಿಲ್ 27, ಭಾನುವಾರ

ಹತ್ತು ದಿನ ಬರೆಯಲಾಗಲಿಲ್ಲ. ಫಾರಂ ಮೇಜಿನ ಮೇಲೇ ಇತ್ತು. ಇಬ್ಬರೂ ಅದನ್ನು ಸರಿಸಿ ಊಟ ಮಾಡುತ್ತಿದ್ದೆವು.

ಇವತ್ತು ಆಲೂಗಡ್ಡೆ ಸುಲಿಯುತ್ತಾ ಅಪ್ಪನೇ ಶುರುಮಾಡಿದ.

"ಬೋರ್‌ವೆಲ್ ಬಂದ್ಮೇಲೆ ಲೈಲಾಕ್ ಹತ್ತಿರದ ಆ ಬಾವಿ ಯಾರಿಗೆ ಬೇಕಿತ್ತು? ಹೊಲದ ಕಲ್ಲು, ಮುಳ್ಳುತಂತಿ... ಎಲ್ಲರೂ ಹಾಗೇ ಮಾಡ್ತಿದ್ದರು. ಕಳೆ ಔಷಧಿ ಡಬ್ಬಿಗಳನ್ನೂ ಹಾಕ್ದೆ. ಅದು ಎಪ್ಪತ್ತೈದರಲ್ಲಿ. ಆಮೇಲೆ ಊರಿನವರು ನೀರು ತೋರಿಸು ಅಂತ ಬಂದರು. ತಂತಿ ಆ ಹುಲ್ಲುಗಾವಲಿನ ಕೆಳಗಿನ ತಗ್ಗಲ್ಲೇ ಕೂಡ್ತು. ಆಗ ಡಬ್ಬಿ ನೆನಪಾಗಲಿಲ್ಲ, ಮಗಳೇ. ನೆನಪಾಗೋ ಹೊತ್ತಿಗೆ ಫಲಕ ಹಾಕಿಬಿಟ್ಟಿದ್ದರು."

"ಬರೆದರೆ ಊರಿಗೆಲ್ಲ ಗೊತ್ತಾಗುತ್ತೆ ಅಪ್ಪ."

"ಪೆನ್ನು ಕೊಡು."

'ಎರಡು' ಹೊಡೆದುಹಾಕಿ 'ಮೂರು' ಎಂದು ಬರೆದ. ಪಕ್ಕದಲ್ಲಿ ಲೈಲಾಕಿನ ಚಿತ್ರ. ಅದು ಹೂಕೋಸಿನಂತೆ ಬಂದಿದೆ. ಬಾವಿ ಹೇಳದು ಎಂದು ಯಾರೋ ಬರೆದರಲ್ಲ. ಹೇಳುತ್ತದೆ — ಐವತ್ತು ವರ್ಷ ಬೇಕಾಗಬಹುದು, ಅಷ್ಟೇ.

ಮೇ 21, ಬುಧವಾರ. ಸಂಜೆ

ಮಂಜೂರಾತಿ ಪತ್ರ ಹೋದ ವಾರವೇ ಬಂತು. ಇವತ್ತು ಅಗೆತ.

ಲೈಲಾಕ್ ಹೂಬಿಟ್ಟಿದೆ. ಬೇರಿಗೆ ಪೆಟ್ಟಾಗದಂತೆ ಯಂತ್ರ ನಡೆಸಿದರು. ಮೊದಲು ಕಲ್ಲು, ತಂತಿ. ಆಮೇಲೆ ಡಬ್ಬಿಗಳು. ಬೇಲಿಯುದ್ದಕ್ಕೂ ಊರಿನವರು. ಹಾರ್ವಿ ಮುಂದೆಯೇ, ಕೈಕಟ್ಟಿ ನಿಂತಿದ್ದ. ಹಿಂದೆ ಇರು ಎಂದರೂ ಅಪ್ಪ ಕೇಳಲಿಲ್ಲ. ಭಾನುವಾರ ಚರ್ಚಿಗೆ ಹಾಕುವ ಹ್ಯಾಟು ಹಾಕಿಕೊಂಡು ಎಲ್ಲರಿಗೂ ಕಾಣುವಂತೆ ನಿಂತ. ಒಂದು ಡಬ್ಬಿ ಮೇಲೆ ಬಂತು. "ಅದು ನಂದು," ಎಂದ ಗಟ್ಟಿಯಾಗಿ. ಇನ್ನೊಂದು. "ಅದೂ ನಂದೇ." ಹನ್ನೊಂದು ಸಲ. ಯಾರೂ ನಗಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹಿತ್ತಾಳೆ ಫಲಕ ಒರೆಸುತ್ತಿದ್ದಾಗ ಕೂಡ ಈತನ ಮಗಳೆಂದು ಇಷ್ಟು ಹೆಮ್ಮೆ ಪಟ್ಟಿರಲಿಲ್ಲ.

ನಾಲ್ಕು ಗಂಟೆಗೆ ಜೇಡಿ ತುಂಬಿ ಮುಗಿಯಿತು. ಜನ ಚದುರಿದರು. ಅಪ್ಪ ಒಳಗೆ ಬಂದವನೇ ಸ್ಕ್ರೂಡ್ರೈವರ್ ಹುಡುಕತೊಡಗಿದ. ಫಲಕ ಬಿಚ್ಚಬೇಕಂತೆ. ಬೇಡವೆಂದರೆ ಕೇಳುತ್ತಿಲ್ಲ. ಡ್ರಾಯರುಗಳ ಸದ್ದು.

ಬಾಗಿಲು ಬಡಿಯುತ್ತಿದ್ದಾರೆ —

ಹಾರ್ವಿ. ಬೂಟು ತುಂಬ ಕೆಸರು, ಒಳಗೆ ಬರಲಿಲ್ಲ. ಹ್ಯಾಟು ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಲೊರ್ನಾ... ನಮ್ಮಲ್ಲೂ ಒಂದಿದೆ. ನಮ್ಮಪ್ಪ ತುಂಬಿದ್ದು, ಜಾಗ ನಂಗೆ ಗೊತ್ತಿಲ್ಲ. ನಾಳೆ ತಂತಿ ತಗೊಂಡು ಬರ್ತಾನಾ ಕೇಳು, ನಿಮ್ಮಪ್ಪ. ಇನ್ನೊಂದು ಫಾರಂ ಇದ್ರೆ ನಂಗೂ —"